ಸಾಯುವುದರಲ್ಲಿ ಎತ್ತಿದ ಕೈ

ಕೆಲವರ ಪಕ್ಕದ ಮನೆಗೆ ಬಾಡಿಗೆದಾರರು ಬರುತ್ತಾರೆ, ನಮ್ಮ ಪಕ್ಕದ ಮನೆಗೆ ಪ್ರಸಂಗಗಳೇ ಬರುತ್ತವೆ. ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿಗೂ ಆಚೆಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಈಚೆ ನಾನು, ನನ್ನ ಗಂಡ, ಆರು ವರ್ಷದ ಮಗಳು ಮತ್ತು ಬೆಳಗಾವಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆ. ಆಚೆ ರಷ್ಯದ ಒಬ್ಬ ಹಲ್ಲಿನ ಡಾಕ್ಟರಮ್ಮ ಮತ್ತು ಆಕೆಯ ಜೊತೆ ಇರಲು ಬಂದ ಆಕೆಯ ಅಪ್ಪ. ಈ ಅಪ್ಪ ತಮ್ಮ ದೇಶದಲ್ಲಿ ಬಹಳ ದೊಡ್ಡ ಸಿನಿಮಾ ನಟರಂತೆ, ಅವರ ಮುಖವಿರುವ ಅಂಚೆಚೀಟಿ ಕೂಡ ಇದೆಯಂತೆ. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಮೊದಮೊದಲು ಅವರು ನಮ್ಮ ಪಾಲಿಗೆ ಪ್ರತಿ ವಾರ ತಪ್ಪು ಬಣ್ಣದ ಕಸದ ಡಬ್ಬಿ ಹೊರಗಿಡುವ ಮುದುಕರು ಮಾತ್ರ.

ಮೂರನೇ ನರಳಾಟ

ಒಂದು ಮಧ್ಯಾಹ್ನ ನಾನು ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದೆ. ಅತ್ತೆ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಓಡಿ ಬಂದರು.

"ಲಗೂ ಏಳು. ಬಾಜೂ ಮನಿ ಮುದುಕ ಸಾಯಾಕತ್ತಾನ."

ಗೋಡೆಗೆ ಕಿವಿ ಇಟ್ಟೆ. ಒಂದು ನರಳಾಟ ಕೇಳಿಸಿತು, ಆಮೇಲೆ ಇನ್ನೊಂದು, ಆಮೇಲೆ ಕರುಳು ಕಿತ್ತು ಬರುವಂಥ ಉದ್ದನೆಯ ಮೂರನೆಯದು. ಕೊನೆಗೆ ದೊಪ್ಪೆಂದು ಏನೋ ಬಿದ್ದ ಸದ್ದು. ಮೀಟಿಂಗನ್ನು ಅಲ್ಲೇ ಬಿಟ್ಟು ನೈನ್ ಒನ್ ಒನ್‌ಗೆ ಫೋನ್ ಮಾಡಿದೆ. ಸೈರನ್ ಹಾಕಿಕೊಂಡು ಫೈರ್ ಇಂಜಿನ್ನು ಬಂತು, ಆಜಾನುಬಾಹುಗಳು ಇಳಿದರು, ಬಾಗಿಲು ಬಡಿದರು. ಬಾಗಿಲು ತೆಗೆದದ್ದು ಸತ್ತವರೇ. ಮೈಮೇಲೆ ಬಾತ್‌ರೋಬು, ಕೈಯಲ್ಲಿ ಅರ್ಧ ಕಚ್ಚಿದ ಸೇಬು.

ವಿಚಾರಿಸಿದರೆ, ಅವರು ಮಾಡಿದ ಸಿನಿಮಾಗಳಲ್ಲೆಲ್ಲ ಅವರು ಸಾಯಲೇಬೇಕಿತ್ತಂತೆ. ಗುಂಡೇಟಿನಿಂದ ಸತ್ತಿದ್ದಾರೆ, ಹಿಮದಲ್ಲಿ ಹೆಪ್ಪುಗಟ್ಟಿ ಸತ್ತಿದ್ದಾರೆ, ಒಂದು ಸಲ ಬರೀ ವಿರಹದಿಂದ ಸತ್ತಿದ್ದಾರೆ. ಕಲೆ ಮರೆತುಹೋಗಬಾರದೆಂದು ದಿನಾ ಊಟದ ನಂತರ ಅಭ್ಯಾಸ. ಲೋಕದಲ್ಲಿ ಕೆಲವರು ಪ್ರಾಣಾಯಾಮ ಮಾಡುತ್ತಾರೆ, ಇವರು ಪ್ರಾಣ ಬಿಡುತ್ತಾರೆ, ಅಷ್ಟೇ ವ್ಯತ್ಯಾಸ.

ನಾನು ಕ್ಷಮೆ ಕೇಳಲು ಹೋದರೆ ಅವರಿಗೆ ಖುಷಿಯೋ ಖುಷಿ. ಫೋನ್ ಮಾಡಿಸಿದ್ದು ಯಾರು, ಯಾವ ನರಳಾಟಕ್ಕೆ ಅವರಿಗೆ ನಂಬಿಕೆ ಬಂತು ಎಂದು ಕೇಳಿದರು. ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಲಟ್ಟಣಿಗೆಯನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದರು.

"ಮೂರನೇದ್ದು ಸ್ವಲ್ಪ ಉದ್ದ ಆತು ಅಂತ ಹೇಳು."

ಮರುದಿನದಿಂದ ಮೂರನೇ ನರಳಾಟ ಚಿಕ್ಕದಾಯಿತು.

ಏನಂತ ಕರೆಯೋದು

ಪರಿಚಯವಾದ ಮೇಲೆ ಅವರನ್ನು ಏನಂತ ಕರೆಯಬೇಕು ಎಂಬ ಪ್ರಶ್ನೆ ಬಂತು. ಅವರಲ್ಲಿ ಹಿರಿಯರ ಹೆಸರಿನ ಜೊತೆ ಅವರಪ್ಪನ ಹೆಸರನ್ನೂ ಸೇರಿಸಿ ಕರೆಯಬೇಕಂತೆ. ಎರಡೂ ಸೇರಿಸಿ ಹೇಳಿ ಮುಗಿಸುವಷ್ಟರಲ್ಲಿ ಕರೆದದ್ದು ಯಾಕೆ ಎನ್ನುವುದೇ ಮರೆತುಹೋಗುತ್ತಿತ್ತು. ಅತ್ತೆ ನಮ್ಮ ಮಗಳಿಗೆ, "ಕಾಕಾ ಅನ್ನವಾ" ಎಂದು ಹೇಳಿಕೊಟ್ಟರು. ಬೆಳಗಾವಿಯ ಕಡೆ ಚಿಕ್ಕಪ್ಪನ ವರಸೆಯ ಗಂಡಸರೆಲ್ಲ ಕಾಕಾಗಳೇ.

ಮಗಳು ಬೇಲಿಯ ಹತ್ತಿರ ನಿಂತು ಗಂಟಲು ಹರಿಯುವಂತೆ "ಕಾಕಾ, ಕಾಕಾ" ಎಂದು ಕೂಗಿದಳು. ಅವರು ಗಾಬರಿಯಿಂದ ತಮ್ಮ ಚಪ್ಪಲಿಯ ಅಡಿಯನ್ನು ನೋಡಿಕೊಂಡರು. ರಷ್ಯನ್ ಮಕ್ಕಳು ಕಕ್ಕಸು ಬಂದಾಗ ಹೇಳುವ ಮಾತು ಅದು ಎಂದು ಅವರ ಮಗಳು ಸಂಜೆ ಬಂದು ಮೆಲ್ಲಗೆ ತಿಳಿಸಿದಳು.

ಸರಿ, ಮಾಮಾ ಅನ್ನೋಣ ಎಂದರು ಅತ್ತೆ. ಹಾಗೆಂದರೆ ಅಮ್ಮ ಅಂತೆ. ಎದುರುಮನೆಯಲ್ಲಿ ಕಲಬುರಗಿಯ ಒಬ್ಬ ಸಾಹೇಬರಿದ್ದಾರೆ. ಅವರು, ಇಷ್ಟೇನಾ, ಚಾಚಾ ಅನ್ನಿ, ಮರ್ಯಾದೆಯ ಮಾತು ಎಂದರು. ಮಗಳು ಚಾಚಾ ಎಂದ ತಕ್ಷಣ ಇವರ ಮುಖ ಅರಳಿತು. ಒಳಗೆ ಹೋಗಿ ಲೋಟ ತಂದು ನಮ್ಮ ಮೆಟ್ಟಿಲ ಮೇಲೆ ಕೂತರು. ಚಾಚಾ ಎಂದರೆ ಅವರ ಕಡೆ ದ್ರಾಕ್ಷಿಯ ಭಟ್ಟಿ ಸಾರಾಯಿಯಂತೆ.

ಅತ್ತೆಗೆ ರೇಗಿಹೋಯಿತು. ತಾನು ತನ್ನ ಅಣ್ಣನನ್ನು ಕರೆಯುತ್ತಿದ್ದ ಹಾಗೇ ಕರೆಯುತ್ತೇನೆ, ಇದಕ್ಕೂ ಏನಾದರೂ ಕೆಟ್ಟ ಅರ್ಥವಿದ್ದರೆ ಅದು ಆ ಭಾಷೆಯ ಹಣೆಬರಹ ಎಂದುಬಿಟ್ಟರು. ಕಪ್ಪು ಹಿಡಿದು ಬಾಗಿಲಿಗೆ ಬಂದರು.

"ದಾದಾ, ಚಾ?"

ರಷ್ಯನ್ನಿನಲ್ಲಿ ದಾ ಎಂದರೆ ಹೌದು. ಚಹಾಕ್ಕೆ ಅವರದೂ ಹೆಚ್ಚುಕಡಿಮೆ ಅದೇ ಮಾತು. ಹೌದು ಹೌದು, ಚಹಾ! ಅವತ್ತಿನಿಂದ ಅವರು ನಮ್ಮ ಕೇರಿಗೆಲ್ಲ ದಾದಾ ಆದರು. ಆ ಹೆಂಗಸಿಗೆ ರಷ್ಯನ್ ಬರುತ್ತದೆ, ಯಾಕೋ ಮುಚ್ಚಿಡುತ್ತಿದ್ದಾಳೆ ಎಂದು ಅವರು ಇವತ್ತಿಗೂ ತಮ್ಮ ಮಗಳಿಗೆ ಹೇಳುತ್ತಾರೆ.

ಅವರಲ್ಲ, ಅವರ ಹಾಗಿದ್ದಾರೆ

ಒಂದು ಭಾನುವಾರ ದಾದಾ ಮತ್ತು ಅತ್ತೆಯನ್ನು ಕೂರಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಒಂದು ರಷ್ಯನ್ ಅಂಗಡಿಗೆ ಹೋಗಿದ್ದೆ. ಮೀನು ಕತ್ತರಿಸುತ್ತಿದ್ದ ಹೆಂಗಸು ತಲೆ ಎತ್ತಿ ಇವರನ್ನು ನೋಡಿದಳು. ಚಾಕು ಕೆಳಗೆ ಬಿತ್ತು. ಎರಡೂ ಕೆನ್ನೆಗೆ ಕೈಯಿಟ್ಟುಕೊಂಡು ಅಳತೊಡಗಿದಳು. ಒಳಗಿನಿಂದ ಇನ್ನಿಬ್ಬರು ಬಂದು ಅವರೂ ಅತ್ತರು. ದಾದಾ ಟೋಪಿ ತೆಗೆದು, ಎದೆಯ ಮೇಲೆ ಕೈಯಿಟ್ಟು, ಏನೋ ನಾಲ್ಕು ಮಾತಾಡಿದರು. ಅಳು ನಿಂತಿತು. ಅವಳು ಕಣ್ಣು ಕಿರಿದು ಮಾಡಿ ನೋಡಿ, ಚಾಕು ಎತ್ತಿಕೊಂಡು ಮೀನಿಗೆ ವಾಪಸಾದಳು.

ಏನಾಯಿತೆಂದು ಹೊರಗೆ ಬಂದ ಮೇಲೆ ಹೇಳಿದರು. ಅವರ ಧ್ವನಿ ತೆಳುವು, ಸ್ವಲ್ಪ ಕೀರಲು. ಮೊದಲ ಚಿತ್ರದ ನಿರ್ದೇಶಕ, ಮುಖ ಹುಲಿಯದು, ಧ್ವನಿ ಬೆಕ್ಕಿನದು ಎಂದು ಹೇಳಿ ಬೇರೊಬ್ಬ ನಟನ ಕೈಲಿ ಮಾತು ಹೇಳಿಸಿದನಂತೆ. ಚಿತ್ರ ಗೆದ್ದಿತು. ಅಲ್ಲಿಂದಾಚೆಗೆ ಇವರ ಬಾಯಿಂದ ಬಂದದ್ದೆಲ್ಲ ಆ ಇನ್ನೊಬ್ಬನ ಗಂಟಲೇ. ಇಡೀ ದೇಶ ಇವರನ್ನು ನೋಡಿದೆ, ಯಾರೂ ಕೇಳಿಲ್ಲ. ಹೋಲಿಕೆ ಚೆನ್ನಾಗಿದೆ, ಆದರೆ ನೀವು ಅವರಲ್ಲ ಎಂದಳಂತೆ ಅಂಗಡಿಯವಳು. ಹೋಲಿಕೆಗೆ ಬಹುಮಾನವಾಗಿ ಒಂದು ಉಪ್ಪಿನಕಾಯಿ ಸೌತೆ ಬಿಟ್ಟಿಯಾಗಿ ಕೊಟ್ಟಿದ್ದಳು.

ಫ್ರೀವೇಯಲ್ಲಿ ದಾದಾ ಆ ಸೌತೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಚಪ್ಪಾಳೆ ಮುಖಕ್ಕೆ ಸಿಕ್ಕಿತು, ಗಂಟಲಿಗೆ ಸಿಗಲಿಲ್ಲ. ಸಾಯುವ ಮುಂಚೆ, ನಿಜವಾಗಿ ಸಾಯುವ ಮುಂಚೆ, ಜನ ತುಂಬಿದ ಒಂದು ಹಾಲ್‌ನಲ್ಲಿ ಒಂದೇ ಒಂದು ಮಾತನ್ನು ತನ್ನ ಧ್ವನಿಯಲ್ಲೇ ಆಡಿ ಚಪ್ಪಾಳೆ ಕೇಳಬೇಕು.

ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡರು. ದಾದಾ ಸೌತೆಕಾಯಿಯನ್ನು ಮುರಿದು ಅರ್ಧ ಅವರಿಗೆ ಕೊಟ್ಟರು. ಅತ್ತೆ ಕಚ್ಚಿ ನೋಡಿ, ಖಾರ ಸಾಲದು ಎಂದರು.

ರಷ್ಯನ್ ಸಾಲದು

ಧ್ವನಿಯ ಕೆಲಸವೇ ಹುಡುಕೋಣ ಎಂದು ನಾನೇ ಇಂಟರ್ನೆಟ್ಟಿನಲ್ಲಿ ತಡಕಾಡಿದೆ. ಯಾವುದೋ ವಿಡಿಯೋ ಗೇಮಿನ ಖಳನಾಯಕನಿಗೆ ರಷ್ಯನ್ ಧಾಟಿಯ ಇಂಗ್ಲಿಷಿನಲ್ಲಿ ಮಾತಾಡುವವರು ಬೇಕಿತ್ತು. ಇದಕ್ಕಿಂತ ಇನ್ನೇನು ಬೇಕು? ಆಫೀಸಿಗೆ ರಜೆ ಹಾಕಿ ಕರೆದುಕೊಂಡು ಹೋದೆ. ಅಲ್ಲಿದ್ದ ಗಡ್ಡದ ಹುಡುಗ ಕೇಳಿದ, ತಲೆದೂಗಿದ, ಇನ್ನೂ ಸ್ವಲ್ಪ ರಷ್ಯನ್ ಆಗಿ ಹೇಳಿ ಎಂದ. ದಾದಾ ಹೇಳಿದರು. ಇನ್ನೂ ಸ್ವಲ್ಪ ಎಂದ. ರಷ್ಯದಲ್ಲಿ ಹುಟ್ಟಿ ಬೆಳೆದವರು ಇದಕ್ಕಿಂತ ಹೆಚ್ಚು ರಷ್ಯನ್ ಆಗುವುದು ಹೇಗೆ ಎಂದು ನನ್ನ ಮುಖ ನೋಡಿದರು.

ಕೆಲಸ ಸಿಗಲಿಲ್ಲ. ಉಚ್ಚಾರಣೆ ಅಷ್ಟು ನೈಜವಾಗಿಲ್ಲ ಎಂದು ಇಮೇಲ್ ಬಂತು. ಆ ಪಾತ್ರ ಸಿಕ್ಕಿದ್ದು ಫ್ರೀಮಾಂಟಿನಲ್ಲಿರುವ ನಮ್ಮ ದಾವಣಗೆರೆಯ ಇಂಜಿನಿಯರಿಗೆ.

ಬರ್ತೇನಿ

ನನ್ನ ಮಗಳು ದಾದಾಗೆ ಕನ್ನಡ ಕಲಿಸತೊಡಗಿದಳು. ಅವಳಿಗೆ ಬರುವುದೇ ಅಷ್ಟಕ್ಕಷ್ಟೆ, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಉಗುಳುತ್ತಾಳೆ. ಒಂದು ಸಂಜೆ ಚಹಾ ಕುಡಿದು ಎದ್ದ ದಾದಾ ಅತ್ತೆಗೆ ಕೈಮುಗಿದು, "ನಾನು ಹೋಗ್ತೀನಿ" ಎಂದರು.

ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. "ಹಂಗ ಅನಬಾರದ್ರೀ ದಾದಾ. ಹೋಗೋರು ಬ್ಯಾರೆ. ನೀವು ಬರ್ತೇನ್ರೀ ಅನ್ರಿ."

ದಾದಾ ಹತ್ತು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ಹೊರಡುವಾಗ ಇದರ ಅರ್ಥವೇನು ಎಂದು ನನ್ನ ಮಗಳನ್ನು ಕೇಳಿದರು. ಅವಳು, ಐ ವಿಲ್ ಕಮ್ ಎಂದಳು. ದಾದಾ ಮಾತಿಗೆ ತಪ್ಪುವವರಲ್ಲ. ಸರಿಯಾಗಿ ಊಟದ ಹೊತ್ತಿಗೆ ಬಂದರು. ಉಂಡು, ಬರ್ತೇನ್ರೀ ಎಂದು ಹೋದರು. ಬೆಳಗ್ಗೆ ತಿಂಡಿಗೆ ಬಂದರು.

ಒಂದು ವಾರ ನೋಡಿದ ಮೇಲೆ ನನ್ನ ಗಂಡ ಅತ್ತೆಯನ್ನು ಅಡುಗೆಮನೆಗೆ ಕರೆದರು. "ಅವ್ವಾ, ಅವರಿಗೆ ಹೋಗ್ತೇನಿ ಅನ್ನೂದನ್ನೂ ಕಲಿಸು."

ಬ್ರಿಟಿಷ್ ಅಧಿಕಾರಿಯ ಕೊನೆಯ ಮಾತು

ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ನಾಟಕ ಬರೆದು ಆಡಿಸುವವಳು ನಾನು. ಹಾಲ್ ಬುಕ್ ಮಾಡುವವರು ಅಧ್ಯಕ್ಷರು, ಆದ್ದರಿಂದ ಹೀರೋ ಕೂಡ ಅವರೇ. ಈ ಸಲ ಅವರು ಪಾಳೆಗಾರ. ಪಾಳೆಗಾರನ ಕತ್ತಿಗೆ ಬಲಿಯಾಗಲು ಒಬ್ಬ ಬ್ರಿಟಿಷ್ ಅಧಿಕಾರಿ ಬೇಕಿತ್ತು. ಬೇರೆ ವರ್ಷವಾಗಿದ್ದರೆ ಸ್ವಲ್ಪ ಬೆಳ್ಳಗಿರುವ ಇಂಜಿನಿಯರನ್ನು ಹಿಡಿದು ಪೌಡರ್ ಮೆತ್ತುತ್ತಿದ್ದೆವು. ನಾನು ದಾದಾ ಹೆಸರು ಹೇಳಿದೆ. ಅಸಲಿ ಬಿಳಿಯ, ಅದರಲ್ಲೂ ಸಾಯುವುದರಲ್ಲಿ ಎತ್ತಿದ ಕೈ. ಇರುವುದು ಒಂದೇ ಮಾತು, "ನಾನಿನ್ನು ಹೋಗುತ್ತೇನೆ". ಅಷ್ಟು ಹೇಳಿ ಬೀಳಬೇಕು.

ದಾದಾ ಆ ಒಂದು ಮಾತನ್ನು ಹಗಲೂ ಸಂಜೆಯೂ ಗೋಡೆಯಾಚೆ ಹೇಳಿಕೊಂಡರು. ನರಳಾಟ ನಿಂತೇಹೋಯಿತು. ಅತ್ತೆಗೆ ಮಾತ್ರ ಆ ಮಾತು ಸೇರಲಿಲ್ಲ. ಹಬ್ಬದ ದಿನ ವೇದಿಕೆಯ ಮೇಲೆ ನಿಂತು ಯಾರಾದರೂ ಹೋಗುತ್ತೇನೆ ಅನ್ನುತ್ತಾರೆಯೇ, ಬ್ರಿಟಿಷನಾದರೇನಂತೆ ಎಂದು ಗೊಣಗುತ್ತಲೇ ಇದ್ದರು.

ಕೊನೆಯ ರಿಹರ್ಸಲ್ಲಿನಲ್ಲಿ ಅಧ್ಯಕ್ಷರು ಮುಖ ಹಿಂಡಿದರು. ಧ್ವನಿ ತೀರಾ ತೆಳುವಾಯಿತು, ಉಚ್ಚಾರಣೆಯೂ ಸರಿಯಿಲ್ಲ, ಜನ ನಗುತ್ತಾರೆ ಎಂದರು. "ಮುಖ ಅವರದೇ ಇರ್ಲಿ ಮೇಡಂ. ಡೈಲಾಗು ನಮ್ಮ ದಾವಣಗೆರೆಯವರು ಸೈಡಲ್ಲಿ ನಿಂತು ಮೈಕಲ್ಲಿ ಹೇಳ್ಲಿ." ನಾನು ಜಗಳವಾಡಿದೆ. ಹಾಲ್ ಅವರ ಹೆಸರಿನಲ್ಲಿತ್ತು, ಸೋತೆ. ದಾದಾಗೆ ಹೇಳಿದಾಗ ಅವರು ನಕ್ಕು, ಇಲ್ಲೂನಾ ಎಂದು ಕೇಳಿದರು. ನಾನು ಮನೆಗೆ ಬಂದು ಅತ್ತುಬಿಟ್ಟೆ. ಅತ್ತೆ ಎಲ್ಲ ಕೇಳಿಸಿಕೊಂಡು ಒಳಗೆ ಹೋಗಿ ಊರಿಂದ ತಂದಿದ್ದ ಕರದಂಟಿನ ಡಬ್ಬಿ ತೆಗೆದಿಟ್ಟರು.

ನಾಟಕ ಸರಟೋಗಾದ ಒಂದು ಶಾಲೆಯ ಆಡಿಟೋರಿಯಮ್ಮಿನಲ್ಲಿ. ಹಾಲ್ ತುಂಬಿತ್ತು. ದಾವಣಗೆರೆಯವರು ಮೈಕ್ ಹಿಡಿದು ಪರದೆಯ ಮರೆಯಲ್ಲಿ ನಿಂತಿದ್ದರು. ಕಾಳಗ ಶುರುವಾಗುವಾಗ ಅತ್ತೆ ಅವರ ಪಕ್ಕಕ್ಕೆ ಹೋಗಿ, "ತಗೋಪಾ, ಗೋಕಾಕದ್ದು" ಎಂದು ದೊಡ್ಡದೊಂದು ತುಂಡು ಕೊಟ್ಟರು. ಹಿರಿಯರು ಕೊಟ್ಟದ್ದು, ಬೇಡ ಎನ್ನಲಾಗದೆ ಅವರು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಗೋಕಾಕದ ಕರದಂಟನ್ನು ಅವಸರದಲ್ಲಿ ತಿಂದವರಿಗೆ ಗೊತ್ತು, ಅಂಟು ಅನ್ನುವುದು ಅದರಲ್ಲಿ ಹೆಸರಿಗೆ ಮಾತ್ರ ಇರುವುದಲ್ಲ.

ಪಾಳೆಗಾರ ಕತ್ತಿ ಬೀಸಿದ. ದಾದಾ ಎದೆ ಹಿಡಿದುಕೊಂಡು ಮೂರು ಸಲ ನರಳಿದರು, ಮೂರನೆಯದು ಚಿಕ್ಕದು. ಮಂಡಿಯೂರಿ ಬಾಯಿ ತೆರೆದು ಇನ್ನೊಬ್ಬರ ಧ್ವನಿಗಾಗಿ ಕಾದರು. ಸ್ಪೀಕರಿನಿಂದ "ಮ್ಮ್... ಮ್ಮ್..." ಎಂದಷ್ಟೇ ಬಂತು. ದಾದಾ ಪಕ್ಕಕ್ಕೆ ನೋಡಿದರು. ಅಲ್ಲಿ ಒಬ್ಬರು ದವಡೆ ಹಿಡಿದುಕೊಂಡು ಒದ್ದಾಡುತ್ತಿದ್ದರು, ಅವರ ಹಿಂದೆ ಅತ್ತೆ ಕೈಬೀಸಿ, ನೀವೇ ಹೇಳ್ರಿ ಎಂದು ಸನ್ನೆ ಮಾಡುತ್ತಿದ್ದರು.

ದಾದಾ ಎದ್ದು ನೆಟ್ಟಗೆ ನಿಂತರು. ಆ ತೆಳು ಕೀರಲು ಧ್ವನಿ ಕೊನೆಯ ಸಾಲಿಗೂ ಕೇಳಿಸಿತು.

"ಬರ್ತೇನ್ರೀ!"

ಹೇಳಿ ದೊಪ್ಪನೆ ಬಿದ್ದರು. ಹಾಲ್ ಹಾರಿಹೋಗುವಂತೆ ಚಪ್ಪಾಳೆ. ಉತ್ತರ ಕರ್ನಾಟಕದವರು ಎದ್ದು ನಿಂತು ಶಿಳ್ಳೆ ಹಾಕಿದರು. ಅಧ್ಯಕ್ಷರು ವಿಜಯದ ಭಾಷಣ ಶುರು ಮಾಡಿದರು, ಯಾರಿಗೂ ಕೇಳಿಸಲಿಲ್ಲ. ಹೆಣ ಒಂದು ಕಣ್ಣು ತೆರೆದು ಜನರನ್ನು ನೋಡಿತು. ಬರುತ್ತೇನೆ ಎಂದ ಮೇಲೆ ಬರಬೇಕಲ್ಲ. ದಾದಾ ಎದ್ದು ಬಂದರು.

ಕಂಗಾಲಾದ ಅಧ್ಯಕ್ಷರು ಮತ್ತೆ ಇರಿದರು. ದಾದಾ ಮತ್ತೆ "ಬರ್ತೇನ್ರೀ" ಎಂದು ಬಿದ್ದರು, ಮತ್ತೆ ಬಂದರು. ಮುಂದಿನ ಸಲ ಇಡೀ ಹಾಲ್ ಅವರ ಜೊತೆ ಕೂಗಿತು. ನಾನು ಪರದೆಯ ಹಗ್ಗ ಹಿಡಿದು ನಗುತ್ತಾ ಅಳುತ್ತಾ ನಿಂತಿದ್ದೆ. ಅಧ್ಯಕ್ಷರಿಗೆ ಏದುಸಿರು. ಬಗ್ಗಿ ಹೆಣದ ಕಿವಿಯಲ್ಲಿ ಬೇಡಿಕೊಂಡರು. ಕಾಲರಿನ ಮೈಕು ಆನ್ ಇರುವುದು ಅವರಿಗೆ ಮರೆತಿತ್ತು.

"ದಾದಾ, ಸಾಕು, ಸಾಯ್ರೀ!"

ದಾದಾಗೆ ಅರ್ಥವಾದದ್ದು ಮೊದಲನೆಯ ಮಾತು ಮಾತ್ರ. ಹೌದು ಹೌದು! ಹೀರೋನೇ ಒಪ್ಪಿದ ಮೇಲೆ ಇನ್ನೇನು? ಈ ಸಲ ಎದ್ದವರು ಪಾಳೆಗಾರನ ಕೈಯಿಂದ ಕತ್ತಿಯನ್ನೇ ತೆಗೆದುಕೊಂಡು, ಗಂಟಲಿನ ಮೇಲೆ ಕೈಯಿಟ್ಟು ಜನರಿಗೆ ಬಾಗಿ ನಮಸ್ಕಾರ ಮಾಡಿದರು. ಅಧ್ಯಕ್ಷರು ಸುಸ್ತಾಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಪರದೆ ಎಳೆದೆ.

ಆ ವರ್ಷದ ರಾಜ್ಯೋತ್ಸವದಲ್ಲಿ ಬ್ರಿಟಿಷರೇ ಗೆದ್ದರು.