ಕೋಳಿ ಮುಖ ತಿರುಗಿಸಿತು

ನನ್ನನ್ನು ಬೈಯಲು ಬಂದವರು ಬೈದು ಎದ್ದು ಹೋದದ್ದು ನನಗೆ ನೆನಪಿಲ್ಲ. ಬರುತ್ತಾರೆ, ಶುರು ಮಾಡುತ್ತಾರೆ, ನಡುವೆ ದನಿ ತಗ್ಗಿಸಿ, "ಅದಿರಲಿ, ಆ ಏಳನೇ ಹಂಪ್ ದಾಟೋದು ಹೇಗೆ?" ಎಂದು ಕೇಳುತ್ತಾರೆ. ಆಮೇಲೆ ಅಲ್ಲೇ ಕೂರುತ್ತಾರೆ. ಹೋದ ವಾರವೂ ಹೀಗೇ ಆಯಿತು, ಲಿಫ್ಟಿನಲ್ಲಿ.

ನಾನು ಪುಣೆಯ ಮಗರಪಟ್ಟಾದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ಆಟ ಮಾಡುವವಳು. ತುಮಕೂರು ಕಡೆಯವಳು, ಇಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದೇನೆ. ನಾನು ಮಾಡಿದ ಆಟಗಳಲ್ಲಿ ಊರೆಲ್ಲ ಹರಡಿದ್ದು ಒಂದೇ. ಅದರಲ್ಲಿ ಒಬ್ಬ ಹೆಂಗಸು ಸ್ಕೂಟರ್ ಓಡಿಸುತ್ತಾಳೆ. ಹಿಂದಿನ ಸೀಟಿನ ಮೇಲೆ ಒಂದು ಟ್ರೇ ಮೊಟ್ಟೆ. ರಸ್ತೆ ತುಂಬ ಹಂಪ್. ಬೆರಳು ಒತ್ತಿದರೆ ಸ್ಕೂಟರ್ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಷ್ಟೇ. ಒಂದೇ ಒಂದು ಮೊಟ್ಟೆ ಒಡೆದರೂ ಮತ್ತೆ ಮೊದಲಿನಿಂದ ಶುರು.

ಒಡೆದ ಕೂಡಲೇ ರಸ್ತೆ ಬದಿಯಲ್ಲಿ ಕಾಳು ಹೆಕ್ಕುತ್ತಿರುವ ಒಂದು ಕೋಳಿ ತಲೆ ಎತ್ತುತ್ತದೆ. ಆಡುತ್ತಿರುವವರನ್ನೇ ನೆಟ್ಟಗೆ ನೋಡುತ್ತದೆ. ಏನೂ ಹೇಳುವುದಿಲ್ಲ. ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿಬಿಡುತ್ತದೆ.

ಜನ ಈ ಆಟಕ್ಕೆ ಯಾಕೆ ಅಂಟಿಕೊಳ್ಳುತ್ತಾರೆ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಉತ್ತರ ನನಗೆ ಚೆನ್ನಾಗಿ ಗೊತ್ತು. ಸೋಲನ್ನು ಯಾರು ಬೇಕಾದರೂ ತಡೆದುಕೊಳ್ಳುತ್ತಾರೆ. ಕೋಳಿಯ ಮುಂದೆ ಮರ್ಯಾದೆ ಹೋದರೆ ತಡೆದುಕೊಳ್ಳಲಾರರು.

ಸಾಹೇಬರ ಮೀಟಿಂಗು

ಆಟ ತಯಾರಾದಾಗ ಅದಕ್ಕೆ ಮೊದಲು ಅಡ್ಡ ಬಂದವರು ನಮ್ಮ ಸಾಹೇಬರು. ಹಳೇ ಪುಣೆಯ ಪೇಠೆ ಬೀದಿಗಳವರು, ಅನಿಸಿದ್ದನ್ನು ಮುಖಕ್ಕೇ ಹೇಳುವ ಜನ. ಎರಡು ಸಲ ಆಡಿ ಫೋನನ್ನು ಮೇಜಿನ ಮೇಲೆ ತಳ್ಳಿದರು.

"ಇದು ಆಟ ಅಲ್ಲ, ಶಿಕ್ಷೆ. ಇದನ್ನ ಯಾರೂ ಆಡಲ್ಲ. ಸುಲಭ ಮಾಡು."

"ಸುಲಭ ಮಾಡಿದರೆ ಜನ ಗೆದ್ದು, ಥ್ಯಾಂಕ್ಸ್ ಹೇಳಿ ಹೊರಟುಹೋಗ್ತಾರೆ ಸರ್" ಅಂದೆ.

ಅವರು ಒಪ್ಪಲಿಲ್ಲ. ಇದು ಎಷ್ಟು ಕೆಟ್ಟ ಆಟ ಅಂತ ಎಲ್ಲರಿಗೂ ಅರ್ಥ ಮಾಡಿಸಬೇಕೆಂದು ಸಂಜೆ ಮೀಟಿಂಗ್ ಕರೆದರು. ಫೋನನ್ನು ದೊಡ್ಡ ಪರದೆಗೆ ಜೋಡಿಸಿ, ತಾವೇ ಆಡಿ ತೋರಿಸಲು ಶುರು ಮಾಡಿದರು.

"ನೋಡಿ, ಇಲ್ಲಿ ಬ್ರೇಕ್ ಹಾಕಿದೆ. ಸರಿಯಾಗೇ ಹಾಕಿದೆ ತಾನೆ? ಆದರೂ ಒಡೀತು. ಇದು ಅನ್ಯಾಯ. ಇರಿ, ಇನ್ನೊಂದು ಸಲ ತೋರಿಸ್ತೀನಿ."

ಇನ್ನೊಂದು ಸಲ ತೋರಿಸಿದರು. ಆಮೇಲೆ ಇನ್ನೊಂದು ಸಲ. ಕಂಪನಿ ಬಸ್ಸಿನ ಹೊತ್ತಾಯಿತೆಂದು ಮೊದಲು ಇಬ್ಬರು ಎದ್ದರು. ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ನಾನೂ ಚೀಲ ತೆಗೆದುಕೊಂಡು ಎದ್ದೆ. ಬಾಗಿಲ ಹತ್ತಿರ ಬಂದಾಗ ಕಸ ಗುಡಿಸುವ ಮಾವಶಿ, ಕೋಣೆ ಖಾಲಿ ಅಂದುಕೊಂಡು ದೀಪ ಆರಿಸಿದರು.

ಒಳಗಿನ ಕತ್ತಲಿಂದ ಸಾಹೇಬರ ದನಿ ಬಂತು: "ಪರವಾಗಿಲ್ಲ, ಹಾಗೇ ಇರಲಿ. ರಸ್ತೆ ಕಾಣ್ತಿದೆ."

ಆಟವನ್ನು ಸುಲಭ ಮಾಡುವ ಮಾತು ಮತ್ತೆ ಬರಲಿಲ್ಲ.

ಕಾಕೂ ಕಾಪಾಡಿದ್ದು

ನಮ್ಮ ಕೆಳಗಿನ ಫ್ಲಾಟಿನಲ್ಲಿ ವಿಜಯಪುರದ ಕಡೆಯ ಗಂಡ-ಹೆಂಡತಿ ಇದ್ದಾರೆ. ಯಜಮಾನರು ನಿವೃತ್ತ ಹೆಡ್‌ಮಾಸ್ತರು. ಅವರ ಹೆಂಡತಿಯನ್ನು ಕಟ್ಟಡದವರೆಲ್ಲ ಕಾಕೂ ಅನ್ನುತ್ತೇವೆ. ಮಡಿ, ಪೂಜೆ, ಏಕಾದಶಿ ಯಾವುದನ್ನೂ ತಪ್ಪಿಸಿದವರಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾಕೂ ಮೆಟ್ಟಿಲು ಹತ್ತಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಯಜಮಾನರ ಫೋನು.

"ಏನ್ವಾ, ಈ ತತ್ತಿ ಆಟ ಮಾಡಿದಾಕಿ ನೀನ ಅಂತಲ್ಲ?"

ಅವರ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತಾರೆ. "ಹೌದು ಕಾಕೂ" ಅಂದೆ.

"ನಮ್ಮನಿಯವ್ರು ಸಂಧ್ಯಾವಂದನೀಗೆ ಕೂತ್ರೂ ಒಂದು ಕಣ್ಣು ಇದರ ಮ್ಯಾಲೇ ಇರ್ತದ. ಆಚಮನಾ ಮಾಡೂ ಮುಂದ 'ಹೋತು, ಹೋತು' ಅಂತ ಒದರ್ತಾರ. ಅಂಥಾದ್ದೇನದ ಇದರಾಗ?"

"ಏನೂ ಇಲ್ಲ ಕಾಕೂ. ನೀವೇ ಒಂದು ಸಲ ಆಡಿ ನೋಡಿ."

"ನಾ ಯಾಕ ಆಡ್ಲಿ? ಕೆಲಸಿಲ್ಲೇನು ನನಗ?" ಅನ್ನುತ್ತಲೇ ಸೋಫಾದ ತುದಿಯಲ್ಲಿ ಕೂತು ಬೆರಳು ಒತ್ತಿದರು. ಮೊದಲ ಹಂಪಿನಲ್ಲೇ ಮೊಟ್ಟೆ ಒಡೆಯಿತು. ಕೋಳಿ ತಲೆ ಎತ್ತಿ ನೋಡಿ ಮುಖ ತಿರುಗಿಸಿತು.

ಕಾಕೂ ಫೋನನ್ನು ಕಣ್ಣಿನ ಹತ್ತಿರ ತಂದರು. "ಹಂಗ್ಯಾಕ ನೋಡ್ತದ ಅದು ನನ್ನ?"

"ಎಲ್ಲರನ್ನೂ ಹಾಗೇ ನೋಡುತ್ತೆ ಕಾಕೂ."

"ನಾ ನಾಕು ಮಕ್ಕಳನ್ನ ಬೆಳಸೀನಿ. ಮನೀ ತುಂಬ ಸೊಸ್ತೇರು ಬಂದ್ರೂ ಒಬ್ಬಾಕೀನೂ ನನ್ನ ಹಿಂಗ ನೋಡಿಲ್ಲ. ಈ ಕೋಳಿ ನನ್ನ ಮಾರಿ ನೋಡಿ ಮಾರಿ ತಿರುವತದ?" ಎಂದವರೇ ಸೋಫಾದಲ್ಲಿ ಹಿಂದಕ್ಕೆ ಸರಿದು, ಕಾಲು ಮಡಚಿ, ಸರಿಯಾಗಿ ಕೂತರು.

ಅಕ್ಕ ಚಹಾ ತಂದಿಟ್ಟಳು. ಅದು ಆರಿತು. ಸ್ವಲ್ಪ ಹೊತ್ತಿಗೆ ಮಾಸ್ತರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು.

"ಅಲ್ಲ, ಕುಕ್ಕರ್ ಸೀಟಿ ಹೊಡದು ಹೊಡದು ಸಾಕಾಗಿ ಸುಮ್ನಾತು. ನೀ ಇಲ್ಲೆ ಏನ್ ಮಾಡಾಕತ್ತಿ? ಮತ್ತ ನೀನ ಮುಂಜಾನಿ ನನಗ, ಮಡೀ ಮನ್ಯಾಗ ತತ್ತೀ ಹೆಸರೂ ಎತ್ತಬಾರ್ದು ಅಂದಿ!"

ಕಾಕೂ ತಲೆ ಎತ್ತಲಿಲ್ಲ. "ನಾ ಏನ್ ತಿನ್ನಾಕತ್ತೀನೇನು? ಒಡೀಲಾರ್ದಂಗ ಕಾಯಾಕತ್ತೀನಿ. ಪುಣ್ಯಾದ ಕೆಲಸ ಅದ, ನಡಬರಕ ಮಾತಾಡಬ್ಯಾಡ್ರಿ."

ಶುದ್ಧ ಸಸ್ಯಾಹಾರಿ

ಹಡಪ್ಸರದಲ್ಲಿ ನಾನು ತಿಂಡಿಗೆ ಹೋಗುವ ಹೋಟೆಲಿನ ಯಜಮಾನರು ಕುಂದಾಪುರದವರು. ಬೋರ್ಡಿನಲ್ಲೇ ದೊಡ್ಡದಾಗಿ 'ಶುದ್ಧ ಶಾಕಾಹಾರಿ' ಎಂದಿದೆ. ಒಂದು ದಿನ ನಾನು ಹೋದಾಗ ಗಲ್ಲೆಯಿಂದಲೇ ಕೈ ಮುಗಿದರು.

"ಎಂತ ಮಾರಾಯ್ತಿ ನೀವು ಮಾಡಿಟ್ಟದ್ದು? ಒಂದು ಚಾ ತಕೊಂಡು ಕೂತವರು ಏಳುದೇ ಇಲ್ಲ. ಹೊರಗೆ ಜನ ಸಾಲು ನಿಂತಿದ್ದಾರೆ, ಒಳಗೆ ಇವರು ಮೊಟ್ಟೆ ಸಾಗಿಸ್ತಾ ಕೂತಿದ್ದಾರೆ."

"ಒಂದು ಸೂಚನೆ ಬರೆಸಿ ಹಾಕಿ" ಅಂದೆ.

ಅವರು ಅದನ್ನೇ ಮಾಡಿದರು. ಪೇಂಟರನ್ನು ಕರೆದು, ಇಲ್ಲಿ ಮೊಟ್ಟೆ ಆಟ ಆಡಬೇಡಿ ಅಂತ ಬರೆಯಲು ಹೇಳಿದರಂತೆ. ಪೇಂಟರ್ ಆಟದ ಗಂಧಗಾಳಿ ಗೊತ್ತಿಲ್ಲದವನು. ಜಾಗ ಸಾಲದೆಂದು ಚುಟುಕು ಮಾಡಿ ಮರಾಠಿಯಲ್ಲಿ ಬರೆದಿಟ್ಟು ಹೋದ: 'ಯೇಥೇ ಅಂಡೀ ಫೋಡೂ ನಯೇತ'. ಇಲ್ಲಿ ಮೊಟ್ಟೆ ಒಡೆಯಬಾರದು.

ಮಾರನೆಯ ದಿನ ನಾನು ಹೋದರೆ ಯಜಮಾನರ ಮುಖ ಬಾಡಿತ್ತು. ಆಡುವವರು ಆಡುತ್ತಲೇ ಇದ್ದರು. ಉಳಿದವರು ಬೋರ್ಡು ಓದಿ ತಟ್ಟೆಯನ್ನು ಅನುಮಾನದಿಂದ ನೋಡುತ್ತಿದ್ದರು. ಒಬ್ಬಾಕೆ ಇಡ್ಲಿಯನ್ನು ಚಮಚದಿಂದ ಬಿಡಿಸಿ ಒಳಗೇನಿದೆ ಎಂದು ಪರೀಕ್ಷೆ ಮಾಡುತ್ತಿದ್ದರು.

"ಅದೆಲ್ಲ ಬಿಡಿ" ಅಂದರು ಯಜಮಾನರು. "ನನ್ನಲ್ಲಿಗೆ ಮೊದಲಿಂದ ಬರುವ ಒಬ್ಬರು ಮರಾಠಿ ಅಜ್ಜ, ಆಜೋಬಾ, ಇದ್ದಾರೆ. ಗಂಡ-ಹೆಂಡತಿ ಇಬ್ಬರೂ ಬರುದು. ಭಾರೀ ಭಕ್ತರು, ಕೊರಳಲ್ಲಿ ತುಳಸಿ ಮಾಲೆ. ಇವತ್ತು ಅವರ ಹೆಂಗಸು ಕೈ ತೊಳೀಲಿಕ್ಕೆ ಆಚೆ ಹೋದದ್ದೇ ತಡ, ಆಜೋಬಾ ಓಡಿಕೊಂಡು ಗಲ್ಲೆಗೆ ಬಂದ್ರು. ನಾನು ಗ್ರಹಚಾರ ಅಂತ ಗ್ರಹಿಸಿದೆ. ಬೈತಾರೆ, ಇನ್ನು ಬರುದಿಲ್ಲ ಅಂತಾರೆ."

"ಬೈದರಾ?"

"ಬೈಲಿಲ್ಲ. ಕಿವಿ ಹತ್ತಿರ ಬಂದು, 'ಒಡೆಯಬಾರದು ಅಂದ್ರೆ, ಇಡಿಯಾಗಿ ಬೇಯಿಸಿದ್ದು ಸಿಗ್ತದಾ? ಬೇಗ ಹೇಳಿ, ಅವಳು ಬಂದ್ಲು' ಅಂದ್ರು!"

ಕೋಳಿ ಹೊಗಳಿದಾಗ

ಆಟ ಹರಡಿದ ಮೇಲೆ ನಮ್ಮ ಸಾಹೇಬರ ಮನಸ್ಸು ಕರಗಿತು. ಪಾಪ, ಇಷ್ಟು ಜನ ಬೇಜಾರು ಮಾಡಿಕೊಳ್ಳುತ್ತಿದ್ದಾರೆ, ಕೋಳಿಯನ್ನಾದರೂ ಸ್ವಲ್ಪ ಒಳ್ಳೆಯದು ಮಾಡೋಣ ಅಂದರು. ನಾನು ಬೇಡವೆಂದೆ. ಕೇಳಲಿಲ್ಲ. ಹೊಸ ಆವೃತ್ತಿಯಲ್ಲಿ ಮೊಟ್ಟೆ ಒಡೆದರೆ ಕೋಳಿ ರೆಕ್ಕೆ ಬಡಿದು ಕುಣಿಯುತ್ತಿತ್ತು. ತಲೆಯ ಮೇಲೆ 'ಶಾಬಾಸ್! ಚೆನ್ನಾಗಿ ಪ್ರಯತ್ನಿಸಿದಿರಿ!' ಎಂಬ ಅಕ್ಷರ.

ಬೈಗುಳದ ಮಳೆ ಸುರಿಯಿತು. 'ನನಗೆ ಯಾರ ಕರುಣೆಯೂ ಬೇಕಿಲ್ಲ' ಎಂದು ಒಬ್ಬರು. 'ಈ ಕೋಳಿ ಸುಳ್ಳು ಹೇಳುತ್ತಿದೆ, ನಾನು ಚೆನ್ನಾಗಿ ಆಡಲಿಲ್ಲ' ಎಂದು ಇನ್ನೊಬ್ಬರು. 'ಹಳೆಯ ಕೋಳಿಯನ್ನು ಏನು ಮಾಡಿದಿರಿ, ನಿಜ ಹೇಳಿ' ಎಂದು ಮತ್ತೊಬ್ಬರು. ಸಾಹೇಬರು ಜಗ್ಗಲಿಲ್ಲ, ಎರಡು ದಿನದಲ್ಲಿ ಎಲ್ಲ ಸರಿಹೋಗುತ್ತದೆ ಅಂದರು.

ಆಗ ಬಂತು ಒಂದು ಸಂದೇಶ. ಬರೆದವರು ಯಾರೋ, ಪುಣೆಯ ನಿಗಡಿ ಕಡೆಯವರಂತೆ. ನಾನೇ ಅದನ್ನು ಸಾಹೇಬರಿಗೆ ಓದಿ ಹೇಳಿದೆ: 'ಮೊದಲು ಕೋಳಿಗೆ ನನ್ನ ಮೇಲೆ ನಂಬಿಕೆ ಇತ್ತು. ಅದಕ್ಕೇ ನಾನು ಸೋತಾಗ ಬೇಜಾರು ಮಾಡಿಕೊಳ್ಳುತ್ತಿತ್ತು. ಈಗ ಹೊಗಳುತ್ತಿದೆ. ನನ್ನ ಕೈಲಿ ಏನೂ ಆಗಲ್ಲ ಅಂತ ಅದೂ ತೀರ್ಮಾನ ಮಾಡಿಬಿಟ್ಟಿತಾ?'

ಸಾಹೇಬರು ಅದನ್ನು ತಾವೇ ಇನ್ನೊಮ್ಮೆ ಓದಿ, "ಇವತ್ತೇ ಹಳೇ ಕೋಳಿ ಹಾಕು" ಅಂದರು. "ನನಗೂ ಹಾಗೇ ಅನಿಸ್ತಿತ್ತು."

ಬಾಲ್ಕನಿ

ಇದೆಲ್ಲದರ ನಡುವೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಮ್ಮ ತುಮಕೂರಿನಿಂದ ಎರಡು ದಿನ ಮುಂಚೆಯೇ ಬಂದಿಳಿದು, ನನಗೆ ಒಂದೇ ಒಂದು ಬುದ್ಧಿವಾದ ಹೇಳಿದಳು.

"ಕಂಪ್ಯೂಟರ್ ಕೆಲಸ ಅಂತ ಅಷ್ಟೇ ಹೇಳು. ಆಟ ಮಾಡ್ತೀನಿ ಅಂದ್ರೆ, ಹುಡುಗಿ ಇನ್ನೂ ಆಟ ಆಡ್ಕೊಂಡಿದಾಳೆ ಅಂದ್ಕೋತಾರೆ."

"ಆ ಆಟದಿಂದಲೇ ನಾನು ಊಟ ಮಾಡ್ತಿರೋದಮ್ಮ."

"ಊಟದ ವಿಷಯ ಅವರು ಕೇಳಲ್ಲ. ಅಡುಗೆ ವಿಷಯ ಕೇಳ್ತಾರೆ."

ಇದು ನಾಲ್ಕನೆಯದೋ ಐದನೆಯದೋ ಸಂಬಂಧ. ಅಮ್ಮನಿಗೆ ಈ ಸಲ ತಪ್ಪಿಹೋಗಬಾರದೆಂಬ ಚಿಂತೆ. ನನಗೂ ಪ್ರತಿ ಸಲ ಸೀರೆ ಉಟ್ಟು, ಹಾಲ್‌ನಲ್ಲಿ ಕೂತು, ಬೇರೆ ಯಾರೋ ಆಗಿ ಮಾತಾಡಿ ಸಾಕಾಗಿತ್ತು. ಆದರೂ ಅಮ್ಮನ ಮುಖ ನೋಡಿ ಹೂಂ ಅಂದೆ.

ಹುಡುಗ ಹಾಸನದ ಕಡೆಯವರು. ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಅಪ್ಪ-ಅಮ್ಮನ ನಡುವೆ ಇಸ್ತ್ರಿ ಮಾಡಿದ ಹಾಗೆ ಕೂತಿದ್ದರು. ಕೇಸರಿಬಾತು, ಕಾಫಿ ಆದ ಮೇಲೆ ಅಕ್ಕ, "ಇಬ್ಬರೂ ಬಾಲ್ಕನೀಲಿ ಕೂತು ಮಾತಾಡಿ" ಎಂದು ಕಳಿಸಿದಳು.

ಬಾಲ್ಕನಿಯಲ್ಲಿ ಇಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರಿನಲ್ಲಿ ಹಂಪಿನ ಹತ್ತಿರ ಬರುತ್ತಿದ್ದರು. ಹುಡುಗ ಅದನ್ನೇ ನೋಡುತ್ತ ಉಸಿರೊಳಗೆ, "ಬಿಡಬೇಡ... ಬಿಡಬೇಡ... ಈಗ ಬಿಡು" ಅಂದರು. ಹೆಬ್ಬೆರಳು ತಾನಾಗಿಯೇ ಆಡುತ್ತಿತ್ತು.

"ನೀವು ಆ ಮೊಟ್ಟೆ ಆಟ ಆಡ್ತೀರಾ?" ಅಂದೆ.

ಅವರು ನಾಚಿ ಕೆಂಪಾದರು. "ಆಡ್ತಿದ್ದೆ. ಬಿಟ್ಟಿದ್ದೀನಿ."

"ಯಾವಾಗ ಬಿಟ್ಟಿರಿ?"

"ಲಿಫ್ಟಲ್ಲಿ ಬರ್ತಾ."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಧೈರ್ಯ ಬಂತು. "ಅಲ್ಲ, ನೀವೇ ಹೇಳಿ. ಆಸಿಡ್ ತುಂಬಿದ ಟ್ಯಾಂಕರ್‌ಗಳನ್ನ ಒಂದು ಹನಿ ಚೆಲ್ಲದ ಹಾಗೆ ಫ್ಯಾಕ್ಟರಿ ಒಳಗೆ ತರಿಸೋದು ನನ್ನ ಕೆಲಸ. ಈ ಒಂದು ಟ್ರೇ ಮೊಟ್ಟೆ ನನ್ನ ಕೈಲಿ ಆಗ್ತಿಲ್ಲ. ಆ ಕೋಳಿ ನೋಡಿದ ಮೇಲೆ ಡ್ಯೂಟೀಲಿ ಹೆಲ್ಮೆಟ್ ಹಾಕ್ಕೊಳ್ಳೋಕೂ ನಾಚಿಕೆ ಆಗುತ್ತೆ."

ಫೋನು ಹೊರಗೆ ಬಂತು. ಆಡಿ ತೋರಿಸಿದರು. "ಅವಸರ ಬೇಡ, ನಿಧಾನ" ಎಂದು ನಾನು. "ಅಯ್ಯೋ, ಒಡೆದೇಹೋಯ್ತು!" ಎಂದು ಅವರು. ಒಳಗಿಂದ ಅಮ್ಮನ ಗಾಬರಿಯ ದನಿ: "ಏನು ಒಡೀತೇ?" ಅಕ್ಕನ ಸಮಾಧಾನ: "ಹೂಕುಂಡ ಇರಬೇಕು, ನೀನು ಕೂತ್ಕೊ."

ಅವರು ಫೋನನ್ನು ಜೇಬಿಗೆ ತುರುಕಿ ನಿಟ್ಟುಸಿರು ಬಿಟ್ಟರು. "ಇದನ್ನ ಮಾಡಿದೋರು ಯಾರೋ ಏನೋ. ಒಂದು ಸಲ ನನ್ನ ಕೈಗೆ ಸಿಗಲಿ. ಜೀವಮಾನ ಪೂರ್ತಿ ಬಿಡಲ್ಲ."

ಅಮ್ಮನ ಬುದ್ಧಿವಾದ ನೆನಪಾಯಿತು. ಆದರೆ ಇಷ್ಟು ನಿಜ ಹೇಳುವ ಮನುಷ್ಯನ ಮುಂದೆ ಸುಳ್ಳು ಹೇಳಲು ನನಗೆ ಇಷ್ಟವಾಗಲಿಲ್ಲ.

"ಮಾಡಿದೋಳು ನಾನೇ" ಅಂದೆ. "ಬಿಡಲ್ಲ ಅಂದ್ರಲ್ಲ, ಆ ಮಾತನ್ನ ಒಳಗೆ ದೊಡ್ಡವರ ಮುಂದೆ ಹೇಳ್ತೀರಾ?"

ಅವರು ನನ್ನನ್ನು ನೋಡಿದರು. ಜೇಬು ಮುಟ್ಟಿ ನೋಡಿಕೊಂಡರು. ಮತ್ತೆ ನನ್ನನ್ನು ನೋಡಿದರು. ಆಮೇಲೆ ಎದ್ದು, ಅಂಗಿ ಎಳೆದು ಸರಿಮಾಡಿಕೊಂಡು, ನೆಟ್ಟಗೆ ಹಾಲ್‌ಗೆ ನಡೆದು ಅವರಪ್ಪನ ಮುಂದೆ ನಿಂತರು.

"ಅಪ್ಪ, ನನಗೆ ಒಪ್ಪಿಗೆ."

ಎಲ್ಲರೂ ಬೆರಗಾದರು. ಅವರಪ್ಪ ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು, "ಇಷ್ಟು ಬೇಗ ಏನಪ್ಪಾ ಹಿಡಿಸಿದ್ದು ನಿನಗೆ?"

"ಈವರೆಗೆ ನನಗೆ ಇಷ್ಟು ಕಷ್ಟ ಕೊಟ್ಟೋರು ಇನ್ನೊಬ್ಬರಿಲ್ಲ ಅಪ್ಪ. ಎಷ್ಟು ಸಲ ಬಿಟ್ಟುಬಿಡ್ತೀನಿ ಅಂದ್ಕೊಂಡರೂ ಬಿಡೋಕೆ ಆಗ್ತಿಲ್ಲ."

ಅಮ್ಮ ಗಾಬರಿಯಿಂದ ನನ್ನ ಕಡೆ ನೋಡಿದಳು. ಹುಡುಗನ ಅಪ್ಪ ಮಾತ್ರ ನಿಧಾನವಾಗಿ ತಿರುಗಿ, ಪಕ್ಕದಲ್ಲಿ ಕೂತಿದ್ದ ತಮ್ಮ ಹೆಂಡತಿಯನ್ನು ಒಂದು ಸಲ ನೋಡಿ, ಕಾಫಿ ಲೋಟ ಕೆಳಗಿಟ್ಟು, "ಹಾಗಾದರೆ ಇವಳೇ" ಅಂದರು.