ತಮ್ಮ ಕೇಳಿದ್ದು ಫ್ಯಾನು, ನಾನು ಕೊಡಿಸಿದ್ದು ಬ್ಯಾಟು

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವವನನ್ನು ಯಾರೂ ಅನುಮಾನಿಸುವುದಿಲ್ಲ. ಹೇಳುವವನಿಗೆ ಆ ಭಾಷೆ ಬಾರದು, ಕೇಳುವವನಿಗೆ ಈ ಭಾಷೆ ಬಾರದು. ನಡುವೆ ನಿಂತವನದೇ ರಾಜ್ಯ. ಏಳನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದ ನನಗೆ ಅಂಥ ರಾಜ್ಯ ಸಿಕ್ಕಿದ್ದು ಸೌದಿಯ ದಮ್ಮಾಮಿನ ಒಂದು ಲಾಂಡ್ರಿಯಲ್ಲಿ. ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಹಾಕುವ ಕಂಪನಿ; ನಾನು ಇಸ್ತ್ರಿ ವಿಭಾಗದ ಸೂಪರ್‌ವೈಸರ್. ಡ್ರೈವರುಗಳ ಜೊತೆ ಜಗಳವಾಡಿ ಕಲಿತ ಅರಬ್ಬಿ ನನ್ನದು, ಅದರಲ್ಲಿ ಬೈಗುಳ ಜಾಸ್ತಿ, ವ್ಯಾಕರಣ ಕಡಿಮೆ. ಆದರೆ ಆಫೀಸಿನವರು ಏನು ಕೇಳಿದರೂ ‘ಮಾಫಿ ಮುಶ್ಕಿಲ್’, ಅಂದರೆ ಏನೂ ತೊಂದರೆಯಿಲ್ಲ, ಎಂದು ಹೇಳಿಯೇ ನಾನು ಮೇಲೆ ಬಂದೆ. ತೊಂದರೆಯನ್ನು ಸರಿಪಡಿಸುವುದಕ್ಕಿಂತ ಹೇಳದೆ ಇಟ್ಟುಕೊಳ್ಳುವುದು ಸುಲಭ ಎಂಬುದನ್ನು ನಾನು ಬೇಗ ಕಲಿತಿದ್ದೆ.

ತಮ್ಮ ಹರೀಶನನ್ನು ಊರಿನಿಂದ ಕರೆಸಿ ಅದೇ ವಿಭಾಗದಲ್ಲಿ ನಿಲ್ಲಿಸಿದವನೂ ನಾನೇ. ಬೇಸಿಗೆ ಶುರುವಾಗುವಾಗ ಹಬೆಯನ್ನು ಹೊರಗೆಳೆಯುವ ದೊಡ್ಡ ಫ್ಯಾನು ಕೆಟ್ಟಿತು. ಹೊರಗೆ ಮರುಭೂಮಿ, ಒಳಗೆ ಇಡ್ಲಿ ಬೇಯುವ ಪಾತ್ರೆ. “ಅಣ್ಣ, ಫ್ಯಾನಿನದ್ದು ಆಫೀಸಿಗೆ ಹೇಳಿದ್ಯಾ?” ಎಂದು ಅವನು ಕೇಳುವುದು, “ಹೇಳ್ತೇನೆ ಮಾರಾಯ, ಎಂತ ಅವಸರ?” ಎಂದು ನಾನು ಹೇಳುವುದು. ಅವನ ಬೆನ್ನಿಡೀ ಬೆವರುಸಾಲೆ. ರೂಮಿಗೆ ಬಂದ ಮೇಲೆ ಅದಕ್ಕೆ ಪೌಡರ್ ಹಚ್ಚುತ್ತಿದ್ದವನೂ ನಾನೇ. ನನಗೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು; ಇಲ್ಲದೆ ಹೋದದ್ದು ಧೈರ್ಯ.

ಅಷ್ಟರಲ್ಲಿ ಹೊಸ ಎಚ್‌ಆರ್ ಮೇಡಂ ಬಂದರು. ಸೌದಿಯವರೇ, ಎಳೆಯ ವಯಸ್ಸು. ಕೆಲಸಗಾರರು ಖುಷಿಯಾಗಿರಬೇಕೆಂದು ಅವರಿಗೆ ನಿಜವಾಗಿಯೂ ಆಸೆಯಿತ್ತು. ಗೋಡೆಗೆ ನಗುಮುಖದ ಸ್ಟಿಕ್ಕರ್ ಅಂಟಿಸಿದರು, ಕೇಕು ತರಿಸಿದರು, ನಮ್ಮನ್ನೆಲ್ಲ ಕೂರಿಸಿ, ಮನಸ್ಸಿನಲ್ಲಿದ್ದದ್ದನ್ನು ಹೆದರದೆ ಹೇಳಿ ಎಂದರು. ದಾಟಿಸುವವನು ನಾನು. ಎಲ್ಲರ ಪರವಾಗಿ ಮಾತಾಡುತ್ತೇನೆಂದು ಒಪ್ಪಿಕೊಂಡಿದ್ದ ಹರೀಶ ಎದ್ದು ನಿಂತು ಹಿಂದಿಯಲ್ಲಿ, ಫ್ಯಾನು ಕೆಟ್ಟು ಬಹಳ ದಿನವಾಯಿತು, ಸೂಪರ್‌ವೈಸರಿಗೆ ಹೇಳಿ ಹೇಳಿ ಸಾಕಾಯಿತು, ಒಳಗೆ ಉಸಿರು ಕಟ್ಟುತ್ತದೆ ಎಂದ.

ಹಿಂದಿ ಬಾರದ ಮೇಡಮ್ಮಿಗೆ ‘ಸೂಪರ್‌ವೈಸರ್’ ಮಾತ್ರ ಗೊತ್ತಾಯಿತು. ಏನಂತೆ ಎಂದು ನನ್ನತ್ತ ತಿರುಗಿದರು. ನನ್ನ ನಾಲಿಗೆ ನನ್ನನ್ನು ಕೇಳಲೇ ಇಲ್ಲ. ಸೂಪರ್‌ವೈಸರ್ ತುಂಬ ಒಳ್ಳೆಯವರಂತೆ, ಶುಕ್ರವಾರ ಆಡಲು ಒಂದು ಕ್ರಿಕೆಟ್ ಕಿಟ್ ಸಿಕ್ಕಿದರೆ ಸಾಕಂತೆ, ಎಂದುಬಿಟ್ಟೆ.

ಹೋಗಲಿ, ಕಂಪನಿಯವರು ಎಲ್ಲಿ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಟ್ಟರು! ಬಾಕಿ ಯಾವ ಕಂಪನಿಯಲ್ಲೂ ಇಷ್ಟು ಬೇಗ ಬೇಡಿಕೆ ಈಡೇರಿದ್ದನ್ನು ನಾನು ಕಂಡಿಲ್ಲ. ಮೇಡಂ ತಾವೇ ಹರೀಶನ ಕೈಗೆ ಬ್ಯಾಟು ಕೊಟ್ಟು ಫೋಟೋ ತೆಗೆಸಿದರು. ನಮ್ಮ ಜೊತೆ ಇಸ್ತ್ರಿ ಹಾಕುವ ಭಟ್ಕಳದ ಇಲಿಯಾಸ್ ಎಲ್ಲರೆದುರು, “ಎಂತ ಹರೀಶ, ಗಾಳಿ ಕೇಳ್ಲಿಕ್ಕೆ ಹೋಗಿ ಬ್ಯಾಟ್ ತಂದ್ಯಾ? ಇನ್ನು ಅದರಲ್ಲೇ ಬೀಸಿಕೊಳ್ಳುವಾ ಮಾರಾಯ!” ಎಂದ. ಎಲ್ಲರೂ ನಕ್ಕರು. ಹರೀಶ ನನ್ನನ್ನು ನೋಡಿದ. ಅಂದಿನಿಂದ ಬೆನ್ನಿಗೆ ಪೌಡರ್ ಹಚ್ಚಲು ನನ್ನನ್ನು ಕರೆಯಲಿಲ್ಲ. ಕೈ ಎಟುಕದ ಕಡೆ ಹಾಗೆಯೇ ಬಿಟ್ಟ.

ಮರುದಿನವೇ ನಾನು ಆಫೀಸಿಗೆ ಓಡಿ ಫ್ಯಾನಿನ ವಿಷಯ ಹೇಳಿದೆ, ರಿಪೇರಿಯೂ ಆಯಿತು. ಅಷ್ಟರಲ್ಲಿ ಅವನು ರಿಯಾದಿನಲ್ಲಿ ಬೇರೆ ಕೆಲಸ ನೋಡಿಕೊಂಡು, ಇಕಾಮಾ, ಅಂದರೆ ಸೌದಿಯಲ್ಲಿ ಇರುವ ಪರವಾನಗಿ, ಅಲ್ಲಿಗೆ ಬದಲಾಯಿಸಲು ಅರ್ಜಿ ಹಾಕಿಯಾಗಿತ್ತು. ಬಿಟ್ಟು ಹೋಗುವವರನ್ನು ಕರೆದು ಕಾರಣ ಕೇಳುವುದು ಮೇಡಮ್ಮಿನ ಹೊಸ ಪದ್ಧತಿ. ದಾಟಿಸಲು ಮತ್ತೆ ನಾನೇ.

“ನನ್ನ ಮಾತನ್ನು ಅಣ್ಣ ಅತ್ತ ದಾಟಿಸುದಿಲ್ಲ. ಅದಕ್ಕೇ ಹೋಗ್ತೇನೆ, ಹೇಳು” ಎಂದ ಹರೀಶ.

ಹೇಳಿದೆ. ಒಂದಕ್ಷರ ಬಿಡದೆ, ಫ್ಯಾನು, ಬ್ಯಾಟು ಎಲ್ಲ ಸೇರಿಸಿ ಹೇಳಿದೆ. ಮೇಡಂ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಆಮೇಲೆ, ತಪ್ಪನ್ನು ಹೀಗೆ ಎದುರಿಗೇ ಒಪ್ಪಿಕೊಳ್ಳುವ ಅಣ್ಣನನ್ನು ಬಿಟ್ಟು ಹೋಗಬೇಡ ಎಂದು ಅವನಿಗೆ ಹೇಳು, ಎಂದರು.

“ಎಂತ ಹೇಳಿದ್ರು?” ಎಂದು ಹರೀಶ ಕೇಳಿದ.

ಅದನ್ನು ನನ್ನ ಬಾಯಿಂದ ಹೇಗೆ ಹೇಳಲಿ? “ರಿಯಾದಿನಲ್ಲಿ ಚಳಿಗಾಲ ಜೋರಂತೆ. ಒಳ್ಳೆ ಜಾಕೆಟ್ ತಗೊಳ್ಬೇಕಂತೆ” ಎಂದೆ.

“ಮೇಡಮ್ಮಿಗೆ ನನ್ನ ಜಾಕೆಟಿನ ಚಿಂತೆ ಯಾಕೆ?” ಎಂದು ಅವನು ನನ್ನ ಮುಖವನ್ನೇ ನೋಡಿದ. ಚಿಂತೆ ನನ್ನದು ಎನ್ನಲು ಬಾಯಿ ಬರಲಿಲ್ಲ. ಸ್ವಂತ ಮಾತನ್ನೂ ಇನ್ನೊಬ್ಬರ ಹೆಸರಿನಲ್ಲಿ ಆಡಿಯೇ ನನಗೆ ಅಭ್ಯಾಸವಾಗಿದೆ.