ಮಂಗಟ್ಟೆ ನೋಡಲು ನಾನೂ ಹೋಗಿದ್ದೆ

ಸುಮ್ಮನೆ ಕೂರುವುದೂ ಒಂದು ಕೆಲಸ, ಅದನ್ನೂ ಕಲಿಯಬೇಕಾಗುತ್ತದೆ ಎಂದು ಯಾರಾದರೂ ಚಿಕ್ಕಂದಿನಲ್ಲೇ ಹೇಳಿದ್ದರೆ ನಾನು ಅದನ್ನೂ ಕಲಿತುಬಿಡುತ್ತಿದ್ದೆ. ಕಲಿಯುವ ವಿಷಯದಲ್ಲಿ ನಾನು ಹಿಂದೆ ಬಿದ್ದವನಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ, ಆದರೆ ಮೋಟಾರು ಬಿಚ್ಚಿ ಜೋಡಿಸುವುದು, ಗಿರಣಿಯ ಕಲ್ಲಿಗೆ ಉಳಿ ಹಿಡಿದು ಕಚ್ಚು ಹಾಕುವುದು, ಟ್ರ್ಯಾಕ್ಟರಿನಿಂದ ಹಿಡಿದು ಲಾರಿಯವರೆಗೆ ಗಾಲಿ ಇದ್ದದ್ದನ್ನೆಲ್ಲ ಓಡಿಸುವುದು, ಇವನ್ನೆಲ್ಲ ಬರೀ ನೋಡಿ ಕಲಿತೆ. ಮಾನ್ವಿಯಲ್ಲಿ ಸ್ವಂತ ಹಿಟ್ಟಿನ ಗಿರಣಿ ಇಟ್ಟೆ. ಕೈಕಟ್ಟಿ ಕೂತ ಮನುಷ್ಯನನ್ನು ಕಂಡರೆ ನನಗೆ ಮೊದಲು ಬರುವ ಯೋಚನೆ, ಪಾಪ, ಇವನಿಗೆ ಜ್ವರ ಬಂದಿರಬೇಕು ಎಂದು. ಹೀಗಿರುವಾಗ ಬೆಳಗಿನಿಂದ ಮಧ್ಯಾಹ್ನದ ತನಕ ಒಂದು ಮರದ ಕೆಳಗೆ ಕೂತು ಮೇಲೆ ನೋಡುವುದಕ್ಕಾಗಿ ಜನ ನೂರಾರು ಮೈಲಿ ಪ್ರಯಾಣ ಮಾಡುತ್ತಾರೆಂದರೆ ನಾನು ಹೇಗೆ ನಂಬಲಿ?

ಅಂಥವರು ಇಬ್ಬರು ನನ್ನ ಗೆಳೆಯರೇ ಆಗಿದ್ದಾರೆ. ಒಬ್ಬರು ನರಸಪ್ಪ ಮಾಸ್ತರ್. ಮಾನ್ವಿಯಲ್ಲಿ ನೌಕರಿಯಲ್ಲಿದ್ದಾಗ ಗಿರಣಿಯ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದರು, ಈಗ ದೇವದುರ್ಗದ ಒಂದು ಶಾಲೆಯಲ್ಲಿದ್ದಾರೆ. ಇನ್ನೊಬ್ಬ ಖಾಜಾ. ರಾಯಚೂರಿನಲ್ಲಿ ಗಿರಣಿಯ ಗಾಲಿ ತಿರುಗಿಸುವ ಪಟ್ಟಾ, ಬೇರಿಂಗು ಮಾರುವ ಅಂಗಡಿಯವನು. ನನ್ನ ಗಿರಣಿಗೆ ಪಟ್ಟಾ ಕೊಡಲು ಬಂದು ಗೆಳೆಯನಾದ. ಮಾಸ್ತರಿಗೆ ಹಕ್ಕಿಗಳ ಹುಚ್ಚು. ಖಾಜಾನಿಗೆ ಕಾಡಿನಲ್ಲಿ ಚಹಾ ಕುದಿಸುವ ಹುಚ್ಚು. ಇವೆರಡೂ ಒಟ್ಟಿಗೆ ಆಗುವಂಥವು ಎಂದು ಇಬ್ಬರೂ ಖಾಜಾನ ಜೀಪಿನಲ್ಲಿ ದಾಂಡೇಲಿಯ ಕಡೆಯ ಬೆಟ್ಟದ ಕಾಡಿಗೆ ಎರಡು ಸಲ ಹೋಗಿ ಬಂದಿದ್ದರು. ಎರಡು ಸಲವೂ ನನ್ನನ್ನು ಕರೆದಿರಲಿಲ್ಲ.

ಕರೆಯದಿದ್ದರೆ ನನಗೇನು ಎಂದು ನಾನು ಗಿರಾಕಿಗಳ ಮುಂದೆ ಹೇಳುತ್ತಿದ್ದೆ. ಆದರೆ ಒಳಗೊಳಗೆ ಚುಚ್ಚುತ್ತಿತ್ತು. ಕಾರಣ ಕೇಳಿದಾಗ ಖಾಜಾ ಮುಚ್ಚುಮರೆ ಇಲ್ಲದೆ ಹೇಳಿದ, "ಅಮರಣ್ಣ, ನೀ ಮಾನ್ವ್ಯಾಗ ಕೆಮ್ಮಿದ್ರ ಹಿರೇಕೊಟ್ನೆಕಲ್ಲಿನ ಕಾಗಿ ಹಾರತಾವ. ನಿನ್ನ ಕರಕೊಂಡು ನಾವು ಯಾವ ಹಕ್ಕಿ ನೋಡಬೇಕು?" ನನ್ನ ದನಿ ದೊಡ್ಡದು, ಒಪ್ಪುತ್ತೇನೆ. ಗಿರಣಿಯ ಸದ್ದಿನ ನಡುವೆ "ಜ್ವಾಳ ನುಣ್ಣಗ ಬೇಕೇನ್ರಿ, ರವಾ ಬೇಕೇನ್ರಿ" ಎಂದು ದಿನವಿಡೀ ಕೂಗುವವನ ಗಂಟಲು ಮತ್ತೆ ಹೇಗಿರಬೇಕು? ಆದರೆ ಖಾಜಾನಿಗೆ ತಿಳಿಯದ ಇನ್ನೊಂದು ಸಂಗತಿಯೂ ಇತ್ತು. ಈ ಗಂಟಲು ಗಿರಣಿಯಲ್ಲಿ ಹುಟ್ಟಿದ್ದಲ್ಲ, ಜೋಳದ ಹೊಲದಲ್ಲಿ ಹುಟ್ಟಿದ್ದು. ನಾನು ಶಾಲೆ ಬಿಟ್ಟದ್ದೇ ಹಕ್ಕಿ ಕಾಯಲು. ತೆನೆ ಹಾಲು ತುಂಬುವ ಕಾಲಕ್ಕೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟುತ್ತಾರೆ. ಅದರ ಮೇಲೆ ನಿಂತು, ಗಿಳಿ ಗುಬ್ಬಿ ಬಂದರೆ ಡಬ್ಬಿ ಬಡಿದು, ಚಪ್ಪಾಳೆ ಹೊಡೆದು, "ಹೋಯ್... ಹಾರ್ರಲೇ" ಎಂದು ಕೂಗಿ, ಅದಕ್ಕೂ ಕೇಳದಿದ್ದರೆ ಕವಣೆ ಬೀಸಬೇಕು. ನಮ್ಮ ಹೊಲ ಮುಗಿದರೆ ಪಕ್ಕದವರ ಹೊಲ. ನಾಲ್ಕಾರು ಸುಗ್ಗಿ ಇದೇ ನನ್ನ ನೌಕರಿ. ನನ್ನ ಕಾವಲಿನ ಹೊಲದಲ್ಲಿ ಗಿಳಿ ಒಂದು ಕಾಳು ತಿಂದು ಹೋಯಿತು ಎಂದು ಯಾರೂ ಹೇಳುವಂತಿರಲಿಲ್ಲ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಮೂರನೇ ಸಲ ಹೊರಟಾಗ ಖಾಜಾನ ಸೊಂಟ ಹಿಡಿದುಕೊಂಡಿತ್ತು. ಅಷ್ಟು ದೂರ ಜೀಪು ಓಡಿಸಲು ಒಬ್ಬರು ಬೇಕಾಗಿತ್ತು. ಹೀಗೆ ನನಗೆ ಆಮಂತ್ರಣ ಬಂತು. ಹಕ್ಕಿಗಾಗಿ ಅಲ್ಲ, ಸ್ಟೇರಿಂಗಿಗಾಗಿ. ಒಂದು ದಿನ ಬಿಗುಮಾನದಿಂದ ಇದ್ದು ಎರಡನೇ ದಿನ ಒಪ್ಪಿಕೊಂಡೆ.

ಹೋಗುವ ಮೊದಲು ಮಾಸ್ತರ್ ನನ್ನ ಗಿರಣಿಗೇ ಬಂದು, ಬೀಸುವುದು ನಿಲ್ಲಿಸಿ ಒಂದು ಮಾತು ಕೇಳು ಎಂದರು. ಅವರ ಶಾಲೆಯ ಪಾಠದಲ್ಲಿ ಮಂಗಟ್ಟೆ ಎಂಬ ಹಕ್ಕಿಯ ಚಿತ್ರವಿದೆಯಂತೆ. ಪ್ರತಿ ವರ್ಷ ಆ ಪಾಠ ಬಂದಾಗ ಯಾವುದಾದರೂ ಹುಡುಗಿ ಎದ್ದು ನಿಂತು "ನೀವು ನೋಡೀರೇನ್ರಿ ಸರ್?" ಎಂದು ಕೇಳುತ್ತಾಳಂತೆ. ಇವರು ಇಲ್ಲ ಎನ್ನಬೇಕಂತೆ. "ಈ ವರ್ಷ 'ಹೂಂ, ನೋಡೀನಿ' ಅನಬೇಕು ಅಮರಣ್ಣ. ಬರೂ ವರ್ಷ ನನ್ನ ರಿಟೈರ್ಮೆಂಟ್ ಅದ. ನಿನ್ನ ಕೈ ಮುಗೀತೀನಿ, ಅಲ್ಲಿ ಬಾಯಿ ಮುಚ್ಚಿಕೊಂಡು ಇರು" ಎಂದರು. ಮಾಸ್ತರಂಥ ಮನುಷ್ಯ ಕೈ ಮುಗಿಯುತ್ತೇನೆ ಎಂದಾಗ ನನಗೆ ಕಸಿವಿಸಿಯಾಯಿತು. ಮಾತು ಕೊಟ್ಟೆ.

ನಮ್ಮ ಕಡೆ ಪರವೂರಿಗೆ ಹೋಗುವುದೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಳ್ಳುವುದು. ನಾನೂ ಹಾಕಿಕೊಂಡು ಹೋದೆ. ಕಾಡಿನಂಚಿನ ಊರಿನಲ್ಲಿ ಇಳಿದುಕೊಂಡು, ಮರುದಿನ ನಸುಕಿನಲ್ಲಿ ಹೊರಡುವಾಗ ಮಾಸ್ತರ್ ನನ್ನನ್ನು ಕಂಡು ಹಣೆ ಬಡಿದುಕೊಂಡರು. "ನೀ ಲಗ್ನಕ್ಕ ಬಂದೀಯೇನು? ಬಿಳೇದು ಕಂಡ್ರ ಹಕ್ಕಿ ಬರಂಗಿಲ್ಲ" ಎಂದು ತಮ್ಮ ಹಸಿರು ಶಾಲು ಹೊದಿಸಿದರು. ಮದುವಣಗಿತ್ತಿಯ ಹಾಗೆ ಶಾಲಿನೊಳಗೆ ಮುದುಡಿಕೊಂಡು ನಾನು ಹಿಂದೆ ಹಿಂದೆ ನಡೆದೆ. ಕಾಡು ಎಂದರೆ ಅದು ಕಾಡು. ನಮ್ಮ ಸೀಮೆಯಲ್ಲಿ ಒಂದು ಬೇವಿನ ಮರ ಇದ್ದರೆ ಅದಕ್ಕೆ ಗುರುತು ಇರುತ್ತದೆ, ಬೇವಿನ ಮರದ ಮನೆ, ಬೇವಿನ ಮರದ ಹೊಲ ಎಂದು. ಇಲ್ಲಿ ಮರಗಳಿಗೆ ಗುರುತೂ ಇಲ್ಲ, ಲೆಕ್ಕವೂ ಇಲ್ಲ. ಬೆಟ್ಟ ಹತ್ತಿದಷ್ಟೂ ಒಂದರ ಹೆಗಲ ಮೇಲೆ ಒಂದು ಹತ್ತಿ ನಿಂತಿದ್ದವು. ಕೊನೆಗೆ ಒಂದು ಭಾರೀ ಬಸರಿ ಮರದ ಎದುರು ಮಾಸ್ತರ್ ನಿಂತರು. ಕೊಂಬೆಕೊಂಬೆಗೂ ಕೆಂಪು ಹಣ್ಣು. ಮಂಗಟ್ಟೆ ಬಂದರೆ ಇದಕ್ಕೇ ಬರಬೇಕು ಎಂದು ಪಿಸುಗುಟ್ಟಿ ಕೂತರು. ನಾವೂ ಕೂತೆವು.

ಕೂತದ್ದೇನೋ ಆಯಿತು. ಸ್ವಲ್ಪ ಹೊತ್ತಿಗೆ ನನಗೆ ಹಸಿವಾಯಿತು. ಮನೆಯಿಂದ ತಂದ ಖಡಕ್ ರೊಟ್ಟಿ ಚೀಲದಲ್ಲಿತ್ತು. ತೆಗೆದು ಮುರಿದೆ. ಆ ರೊಟ್ಟಿ ಮುರಿದರೆ ಸದ್ದಾಗುತ್ತದೆ ಎಂಬುದನ್ನು ನಾನು ಅವತ್ತಿನವರೆಗೆ ಗಮನಿಸಿಯೇ ಇರಲಿಲ್ಲ. ಗಿರಣಿಯಲ್ಲಿ ಕೇಳುವುದಿಲ್ಲವಲ್ಲ. ಆ ಮೌನದಲ್ಲಿ ಅದು ಕಟ್ಟಿಗೆ ಸೀಳಿದ ಹಾಗೆ ಕೇಳಿಸಿತು. ಮಾಸ್ತರ್ ದುರ್ಬೀನು ಇಳಿಸದೆಯೇ "ನೀರಾಗ ನೆನಸಿಕೊಂಡು ತಿನ್ನು" ಎಂದರು. ನೆನೆಸಿಕೊಂಡು ತಿಂದೆ. ಆಮೇಲೆ ಕೆಂಪಿರುವೆಯೊಂದು ಪ್ಯಾಂಟಿನೊಳಗೆ ಹೊಕ್ಕಿತು. ಅದನ್ನೂ ಸಹಿಸಿದೆ. ಕೊಟ್ಟ ಮಾತು ದೊಡ್ಡದು.

ಆಗ ಹಕ್ಕಿಗಳು ಬಂದವು. ಮೊದಲು ಒಂದೆರಡು, ಆಮೇಲೆ ಹಿಂಡು. ಹಸಿರು ಪಾರಿವಾಳಗಳು, ಗಿಳಿಗಳು, ಹೆಸರು ಗೊತ್ತಿಲ್ಲದ ಎಷ್ಟೋ ಜಾತಿಗಳು. ಮರದ ತುಂಬ ಮುತ್ತಿಕೊಂಡು ಗಬಗಬ ತಿನ್ನತೊಡಗಿದವು. ಮಾಸ್ತರ್ ಮೆಲ್ಲನೆ ಕೈ ಎತ್ತಿ ದೂರದ ಆಕಾಶ ತೋರಿಸಿದರು. ಅತ್ತಲಿಂದ ದೊಡ್ಡ ರೆಕ್ಕೆಗಳ ಸದ್ದು ಬರುತ್ತಿತ್ತು. ನಾನು ಅತ್ತ ನೋಡಲಿಲ್ಲ. ನನ್ನ ಕಣ್ಣು ಮರದ ಮೇಲಿತ್ತು. ಇಷ್ಟು ಗಿಳಿಗಳು, ಇಷ್ಟು ಫಲ, ಹೇಳುವವರು ಕೇಳುವವರು ಯಾರೂ ಇಲ್ಲ. ಮುಂದೆ ನಡೆದದ್ದು ನನ್ನನ್ನು ಕೇಳಿ ನಡೆದದ್ದಲ್ಲ. ಶಾಲು ಹಾರಿಬಿತ್ತು, ಕೈಗಳು ಚಪ್ಪಾಳೆ ಹೊಡೆದವು, ಗಂಟಲು "ಹೋಯ್... ಹಾರ್ರಲೇ" ಎಂದಿತು.

ಬಸರಿ ಮರ ಖಾಲಿಯಾಯಿತು. ಅದೊಂದೇ ಅಲ್ಲ, ಸುತ್ತಲಿನ ಬೆಟ್ಟವೇ ಖಾಲಿಯಾಯಿತು. ಆ ದೊಡ್ಡ ರೆಕ್ಕೆಗಳ ಸದ್ದು ಕೂಡ ಅರ್ಧ ದಾರಿಯಲ್ಲೇ ತಿರುಗಿ ಕಣಿವೆಯ ಆಚೆ ಇಳಿದುಹೋಯಿತು. ಮಾಸ್ತರ್ ದುರ್ಬೀನು ಕೆಳಗಿಟ್ಟು, ಅಂಗಿಯ ತುದಿಯಿಂದ ಅದರ ಗಾಜು ಒರೆಸಿದರು. ಆಮೇಲೆ ಸಮಾಧಾನದಿಂದಲೇ ಕೇಳಿದರು, "ಹೊಲ ಯಾರ್ದು, ಅಮರಣ್ಣ?"

ನಾನು ಬಿದ್ದ ಶಾಲನ್ನು ಎತ್ತಿ ಮತ್ತೆ ಹೊದ್ದುಕೊಂಡೆ. ಖಾಜಾ ಹೇಳಿದ, "ಸರ್ಕಾರದ್ದು, ಮಾಸ್ತರ್. ಇಷ್ಟು ದಿನ ಕಾವಲಿಗೆ ಮನುಷ್ಯಾ ಇರಲಿಲ್ಲ. ಈಗ ಸಿಕ್ಕಾನ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನಲ್ಲಿ ಉತ್ತರಗಳಿರುತ್ತವೆ. ಮಾಸ್ತರ್ ಆ ದಿನವೆಲ್ಲ ನನ್ನೊಂದಿಗೆ ಎಂದಿನಂತೆಯೇ ಮಾತಾಡಿದರು, ಊಟಕ್ಕೆ ಮೊದಲು ನನಗೇ ಬಡಿಸಿದರು. ಅದಕ್ಕೆ ಉತ್ತರ ಎಲ್ಲಿಂದ ತರಲಿ? ಮರುದಿನ ಬೆಳಿಗ್ಗೆ, ನಾನು ಜೀಪಿನಲ್ಲೇ ಕೂರುತ್ತೇನೆ, ನೀವು ಹೋಗಿಬನ್ನಿ ಎಂದೆ. ಖಾಜಾ "ಕೂಡು, ಹಾರ್ನ್ ಒಂದು ಮುಟ್ಟಬ್ಯಾಡ" ಎಂದ. ಮಾಸ್ತರ್ ಮಾತ್ರ ಒಪ್ಪಲಿಲ್ಲ. "ಬಾರಪ್ಪಾ. ಬಂದದ್ದು ಮೂರು ಮಂದಿ, ನೋಡೂದೂ ಮೂರು ಮಂದಿ" ಎಂದರು.

ಈ ಸಲ ನಾನು ನನ್ನ ಮೇಲೆ ನಂಬಿಕೆ ಇಡಲಿಲ್ಲ. ಬಾಯಿ ತೆರೆಯಲು ಆಗದಷ್ಟು ಎಲೆ ಅಡಿಕೆ ತುಂಬಿಕೊಂಡೆ. ಚಪ್ಪಾಳೆ ಹೊಡೆಯದ ಹಾಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಅವರಿಂದ ಸಾಕಷ್ಟು ಹಿಂದೆ ಒಂದು ಬಂಡೆಗೆ ಒರಗಿ ಕೂತೆ. ಅವರಿಬ್ಬರೂ ಬಸರಿ ಮರದ ಕಡೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು ಕೂತರು. ಹೊತ್ತು ಏರಿತು. ಬಸರಿ ಮರಕ್ಕೆ ಒಂದು ಗುಬ್ಬಿಯೂ ಬರಲಿಲ್ಲ. ಹಿಂದಿನ ದಿನದ ಸುದ್ದಿ ಕಾಡಿನಲ್ಲೆಲ್ಲ ಹಬ್ಬಿತ್ತೇನೋ.

ಆಗ ನನ್ನ ತಲೆಯ ಮೇಲಿನ ಒಣ ಕೊಂಬೆ ಅಲುಗಿತು. ಕತ್ತೆತ್ತಿ ನೋಡುತ್ತೇನೆ, ಒಂದು ಹಕ್ಕಿ. ಹಕ್ಕಿ ಎಂದರೆ ಸಾಲದು. ನಮ್ಮ ಊರಿನ ಹದ್ದುಗಳೆಲ್ಲ ಇದರ ಮುಂದೆ ಕೋಳಿಮರಿ. ಕರಿ ಮೈ, ಅರಿಶಿನ ಹಚ್ಚಿದಂಥ ಕತ್ತು, ಹಳದಿ ಕೊಕ್ಕು, ಆ ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕನ್ನು ಕವುಚಿ ಇಟ್ಟ ಹಾಗೆ. ಬಾಯಲ್ಲಿ ಒಂದು ಹಣ್ಣು ಹಿಡಿದಿತ್ತು. ಅದನ್ನು ಮೇಲಕ್ಕೆ ಎಸೆದು, ಬಾಯಿ ತೆರೆದು, ಗಂಟಲಿಗೇ ಬೀಳಿಸಿಕೊಂಡಿತು. ಮಾಸ್ತರ್ ಅಲ್ಲಿ ದುರ್ಬೀನು ಹಿಡಿದು ಖಾಲಿ ಮರ ನೋಡುತ್ತಿದ್ದಾರೆ. ಅವರು ಹುಡುಕುವ ಹಕ್ಕಿ ಇಲ್ಲಿ ನನ್ನ ನೆತ್ತಿಯ ಮೇಲೆ ಕೂತು ಫಲಾಹಾರ ಮಾಡುತ್ತಿದೆ. ಕೂಗುವಂತಿಲ್ಲ. ಒಂದು ಹರಳು ಎಸೆದರೆ ಸರಿಯಾಗಿ ಮಾಸ್ತರ ಬೆನ್ನಿಗೇ ಬೀಳುತ್ತದೆ, ಆ ಗುರಿ ನನ್ನ ಕೈಯಲ್ಲಿ ಇನ್ನೂ ಇದೆ. ಆದರೆ ಕೈ ಎತ್ತಿದರೆ ಇದು ಹಾರಿಹೋಗುತ್ತದೆ. ಏನು ಮಾಡಲಿ ಎಂದು ಯೋಚಿಸುತ್ತ ನೋಡಿದೆ. ಆಮೇಲೆ ಯೋಚಿಸುವುದು ಬಿಟ್ಟು ಬರೀ ನೋಡಿದೆ. ಒಂದು ಹಕ್ಕಿ ತಿನ್ನುವುದನ್ನು, ತಿನ್ನಲಿ ಬಿಡು ಎಂದು ನಾನು ನೋಡಿದ್ದು ಅದೇ ಮೊದಲು.

ಸಾಕಾದ ಮೇಲೆ ಅದು ತಾನಾಗಿಯೇ ಎದ್ದಿತು. ಸಡಿಲ ಪಟ್ಟಾ ಹಾಕಿ ಗಿರಣಿ ಚಾಲೂ ಮಾಡಿದಾಗ ಬರುವ ಸದ್ದು ಆ ರೆಕ್ಕೆಗೆ. ಇಬ್ಬರೂ ಬೆಚ್ಚಿ ಹಿಂದೆ ತಿರುಗುವಷ್ಟರಲ್ಲಿ ಎಲೆಗಳು ಮಾತ್ರ ಅಲ್ಲಾಡುತ್ತಿದ್ದವು.

"ಏನದು?" ಎಂದರು ಮಾಸ್ತರ್.

ನಾನು ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದೆ. "ಮಂಗಟ್ಟಿ ರೀ. ಇಲ್ಲೇ ಕುಂತಿತ್ತು."

"ಎಷ್ಟೊತ್ತು ಕುಂತಿತ್ತು?"

"ಒಂದು ಸೇರು ಜ್ವಾಳ ಬೀಸೂವಷ್ಟು."

"ಯಾಕ ಹೇಳಲಿಲ್ಲ?"

"ಬಾಯಿ ಮುಚ್ಚಿಕೊಂಡಿರು ಅಂದಿದ್ರಿ."

ಖಾಜಾ ಸೊಂಟದ ನೋವು ಮರೆತು ಒಣ ಎಲೆಗಳ ಮೇಲೆ ಮಲಗಿ ನಕ್ಕ. ಮಾಸ್ತರ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನಾನು ಕೂತಿದ್ದ ಬಂಡೆಯ ಬಳಿ ಬಂದು, ನಾನು ಕೂತಿದ್ದಂತೆಯೇ ಒರಗಿ ಕೂತು, ಆ ಒಣ ಕೊಂಬೆಯನ್ನು ಮಧ್ಯಾಹ್ನದ ತನಕ ನೋಡಿದರು. ಅದು ಮತ್ತೆ ಬರಲಿಲ್ಲ.

ವಾಪಸು ಬರುವಾಗ ಕೊಪ್ಪಳದಲ್ಲಿ ಜೀಪು ನಿಲ್ಲಿಸಿದೆ. ಚಹಾ ಕುಡಿಯುವಾಗ ಮಾಸ್ತರ್ ಕೇಳಿದರು, "ಅದರ ಕಣ್ಣು ಯಾವ ಬಣ್ಣ ಇತ್ತು? ಗಂಡಿನ ಕಣ್ಣು ಕೆಂಪು, ಹೆಣ್ಣಿನ ಕಣ್ಣು ಬಿಳೇದು." ನನಗೆ ನೆನಪಿಲ್ಲ. ಕೊಕ್ಕು ನೋಡುವುದರಲ್ಲೇ ಮುಳುಗಿದ್ದೆ, ಕಣ್ಣು ನೋಡಲು ಪುರುಸೊತ್ತಾಗಲಿಲ್ಲ ಎಂದೆ. ಖಾಜಾ, "ಕನ್ಯಾ ನೋಡಾಕ ಹೋಗಿ ಬರೇ ಮೂಗು ನೋಡಿ ಬಂದಾನ್ರೀ ಇಂವ" ಎಂದ. ಅಲ್ಲಿಂದ ಸಿಂಧನೂರು, ಮಾನ್ವಿ ಬರುವವರೆಗೂ ಮಾಸ್ತರ್ ಕೇಳುತ್ತ ಬಂದರು, ನಾನು ಹೇಳುತ್ತ ಬಂದೆ. ಬಾಲ ಹೇಗಿತ್ತು, ಹಣ್ಣು ಎಷ್ಟು ಮೇಲೆ ಎಸೆಯಿತು, ಕೂತಾಗ ಕೊಂಬೆ ಎಷ್ಟು ಬಾಗಿತು. ಇಳಿಯುವಾಗ ಖಾಜಾ, "ಬರೂ ಸಲನೂ ನೀನ ಬಾ. ನಮಗ ಬರ್ಲಾರದ ಹಕ್ಕಿ ನಿನಗ ಬರ್ತದ" ಎಂದ. ಸ್ಟೇರಿಂಗಿನ ಮಾತು ಅವನು ಎತ್ತಲಿಲ್ಲ. ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ವಾರ ಮಾಸ್ತರ್ ಫೋನ್ ಮಾಡಿದರು. ಆ ಪಾಠ ಬಂದಿದೆ, ಪ್ರಶ್ನೆಯೂ ಬಂದಿದೆ. "ನಾ ಸುಳ್ಳು ಹೇಳಂಗಿಲ್ಲ. ನನ್ನ ದೋಸ್ತ್ ನೋಡ್ಯಾನ ಅಂತ ಹೇಳೀನಿ. ಬಂದು ಹೇಳು." ನಾನು ಗಿರಣಿ ಬಂದ್ ಮಾಡಿ, ಬಿಳಿ ಅಂಗಿ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಕ್ಲಾಸಿನ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಕೊಕ್ಕು ತೋರಿಸಲು ಎರಡೂ ಕೈ ಬಳಸಿದೆ. ಮಕ್ಕಳು ಬಾಯಿ ತೆರೆದು ಕೇಳಿದರು. ಕಿಟಕಿಯ ಬಳಿ ನಿಂತಿದ್ದ ಮಾಸ್ತರೂ ಹಾಗೆಯೇ ಕೇಳುತ್ತಿದ್ದರು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಅದು ನಮ್ಮ ಹೊಲಕ್ಕ ಬಂದ್ರ ಏನ್ ಮಾಡಬೇಕ್ರಿ?"

ನಾನು ಯೋಚಿಸಿ ಹೇಳಿದೆ, "ಮೊದ್ಲು ಮಾಸ್ತರಿಗೆ ಫೋನ್ ಮಾಡಬೇಕು, ಯವ್ವಾ. ಅವರು ಬಂದು ನೋಡಿದ ಮ್ಯಾಲ ಓಡಿಸಬೇಕು."

ಮಕ್ಕಳೆಲ್ಲ ನಕ್ಕರು. ಮಾಸ್ತರ್ ನಗಲಿಲ್ಲ. ಸುಣ್ಣದ ಕಡ್ಡಿ ತೆಗೆದುಕೊಂಡು ತಮ್ಮ ಫೋನ್ ನಂಬರನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು. ಒಂದು ವೇಳೆ ನಿಮ್ಮ ಫೋನ್ ಹತ್ತದಿದ್ದರೆ ಇರಲಿ, ನನ್ನದೂ ಬರೆಯಿರಿ ಎಂದೆ. ಸುಣ್ಣದ ಕಡ್ಡಿಯನ್ನು ಡಬ್ಬಿಗೆ ಹಾಕುತ್ತ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅವರು ಕೇಳಿದರು, "ನಿನ್ನ ದನಿ ಕೇಳಿದ ಮ್ಯಾಲ ಅದು ಇರ್ತದೇನು?"